ದಡಕ್ಕೇ ಬರುವ ಹಡಗು, ದೋಣಿ ಕಳಿಸುವ ಹಡಗು

ಜನವರಿಯಲ್ಲೊಂದು ರಾತ್ರಿ ಅಮೆರಿಕದಿಂದ ಅಕ್ಕನ ಫೋನ್ ಬಂತು. ಹೊಳೆನರಸೀಪುರದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವಳು, ಭಾವನ ಜೊತೆ ಆರು ತಿಂಗಳಿಗೆಂದು ಮಗನ ಮನೆಗೆ ಹೋಗಿದ್ದಳು. ಮಗ, ಸೊಸೆ ಸೇರಿ ಇಬ್ಬರಿಗೂ ಕೆರಿಬಿಯನ್ ಸಮುದ್ರದಲ್ಲಿ ಏಳು ರಾತ್ರಿಯ ಹಡಗಿನ ಪ್ರವಾಸ ಬುಕ್ ಮಾಡಿದ್ದರು. ಫ್ಲಾರಿಡಾದಿಂದ ಹೊರಟು ಬೆಲೀಜ್, ಮೆಕ್ಸಿಕೋದ ಕೊಝುಮೆಲ್, ಗ್ರ್ಯಾಂಡ್ ಕೇಮನ್ ನೋಡಿಕೊಂಡು ವಾಪಸ್.

"ಮೂರು ಊರಲ್ಲಿ ಒಂದು ಊರಲ್ಲಿ ಮಾತ್ರ ಹಡಗು ದಡಕ್ಕೇ ಬರುತ್ತಂತೆ ಕಣೋ. ಮಿಕ್ಕ ಎರಡು ಕಡೆ ನಡುನೀರಲ್ಲೇ ನಿಲ್ಲಿಸ್ತಾರಂತೆ, ಅಲ್ಲಿಂದ ದೋಣೀಲಿ ಹೋಗ್ಬೇಕಂತೆ. ನನ್ನ ಮಂಡಿ ನಿಂಗೆ ಗೊತ್ತಲ್ಲ. ಇಳೀಲೋ ಬೇಡ್ವೋ?"

ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಎಷ್ಟೋ ಮನೆಗಳಲ್ಲಿ ಇವತ್ತು ಇದೇ ಪ್ರಶ್ನೆ ಏಳಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರು 'ಅಮೆರಿಕದಲ್ಲಿ ಗೊರೂರು' ಬರೆದು 1980ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾಲಕ್ಕೆ ಹೇಮಾವತಿ ದಂಡೆಯಿಂದ ಅಲ್ಲಿಗೆ ಹೋಗಿಬಂದವರು ವಿರಳ. ಈಗ ಮಕ್ಕಳು ಅಲ್ಲಿ, ಅಪ್ಪ ಅಮ್ಮ ಇಲ್ಲಿ. ಹೋದಾಗಲೆಲ್ಲ ಮಕ್ಕಳು ಏನಾದರೂ ತೋರಿಸಬೇಕು ಅಂತ ಆಸೆಪಡುತ್ತಾರೆ. ಹಡಗಿನ ಬಣ್ಣಬಣ್ಣದ ಪುಸ್ತಿಕೆಯಲ್ಲಿ ಊಟ, ಈಜುಕೊಳ, ನಾಟಕಶಾಲೆ ಎಲ್ಲದರ ಚಿತ್ರವೂ ಇರುತ್ತದೆ. ಆದರೆ ಅರವತ್ತು ದಾಟಿದವರ ಆ ದಿನ ಹೇಗೆ ಕಳೆಯುತ್ತದೆ ಎಂಬುದು ನಿರ್ಧಾರವಾಗುವುದು ಊರಿನ ಹೆಸರಿನ ಮುಂದೆ ಸಣ್ಣಕ್ಷರದಲ್ಲಿ ಬರೆದ ಒಂದು ಮಾತಿನಿಂದ: 'ಡಾಕ್' ಅಥವಾ 'ಟೆಂಡರ್'. ಡಾಕ್ ಅಂದರೆ ಹಡಗು ದಕ್ಕೆಗೆ ಒರಗಿ ನಿಲ್ಲುತ್ತದೆ. ಟೆಂಡರ್ ಅಂದರೆ ಹಡಗು ದೂರದಲ್ಲೇ ನಿಂತು, ಜನ ಸಣ್ಣ ದೋಣಿಗಳಲ್ಲಿ ದಡ ಸೇರುತ್ತಾರೆ. ನಮ್ಮ ಗುತ್ತಿಗೆಯ ಟೆಂಡರಿಗೂ ಇದಕ್ಕೂ ಸಂಬಂಧವಿಲ್ಲ. ದೊಡ್ಡ ಹಡಗಿನ ಸೇವೆಗಿರುವ ಸಣ್ಣ ದೋಣಿಗೆ ನಾವಿಕರು ಇಟ್ಟ ಹೆಸರು ಅದು.

ದಕ್ಕೆಗೆ ಬರುವುದನ್ನು ನೋಡಬೇಕಾದರೆ ಕೆರಿಬಿಯನ್‌ವರೆಗೆ ಹೋಗಬೇಕಿಲ್ಲ. ಹಾಸನದಿಂದ ಶಿರಾಡಿ ಘಾಟಿ ಇಳಿದರೆ ಮಂಗಳೂರು, ಊರು ದಾಟಿದರೆ ಪಣಂಬೂರಿನ ನವಮಂಗಳೂರು ಬಂದರು. ಮಳೆಗಾಲ ಮುಗಿದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಅಲ್ಲಿಗೆ ಬರುತ್ತವೆ. ಹಡಗು ಇನ್ನೂ ಹೊರಸಮುದ್ರದಲ್ಲಿರುವಾಗಲೇ ಬಂದರಿನ ಪೈಲಟ್ ಒಂದು ಸಣ್ಣ ದೋಣಿಯಲ್ಲಿ ಹೋಗಿ, ಹಡಗಿನ ಪಕ್ಕಕ್ಕೆ ತೂಗುಬಿಟ್ಟ ಹಗ್ಗದೇಣಿ ಹತ್ತಿ ಮೇಲೆ ಸೇರುತ್ತಾನೆ. ಕಪ್ತಾನ ಎಷ್ಟೇ ಅನುಭವಿಯಾದರೂ ಈ ಬಾಗಿಲಿನ ಆಳ, ಸೆಳೆತ, ಗಾಳಿಯ ಪರಿಚಯ ಇರುವುದು ಇಲ್ಲಿಯವನಿಗೆ. ಎರಡು ಅಲೆತಡೆಗೋಡೆಗಳ ನಡುವಿನ ಕಾಲುವೆಯಲ್ಲಿ ಹಡಗು ನಿಧಾನಕ್ಕೆ ಒಳಬರುತ್ತದೆ. ಅಗತ್ಯವಿದ್ದರೆ ಟಗ್ ದೋಣಿಗಳು ತಳ್ಳುತ್ತವೆ. ಈಗಿನ ಪ್ರವಾಸಿ ಹಡಗುಗಳ ಮೂತಿಯ ಕೆಳಗೆ ಅಡ್ಡಲಾಗಿ ನೀರು ತಳ್ಳುವ ಯಂತ್ರಗಳಿವೆ, ಹಲವು ಹಡಗುಗಳ ಹಿಂದಿನ ಪ್ರೊಪೆಲರ್‌ಗಳೂ ಎತ್ತ ಬೇಕಾದರತ್ತ ತಿರುಗುತ್ತವೆ. ಹಾಗಾಗಿ ಅಷ್ಟು ದೊಡ್ಡ ಹಡಗು ಏಡಿಯ ಹಾಗೆ ಪಕ್ಕಕ್ಕೆ ಸರಿದು ದಕ್ಕೆಗೆ ಒರಗಬಲ್ಲದು. ಆಮೇಲೆ ಹಗ್ಗದ ಕೆಲಸ. ತುದಿಗೆ ಭಾರ ಕಟ್ಟಿದ ತೆಳು ಹಗ್ಗವನ್ನು ಮೊದಲು ದಡಕ್ಕೆ ಎಸೆಯುತ್ತಾರೆ. ದಡದವರು ಅದನ್ನು ಎಳೆದಂತೆ ಹಿಂದೆಯೇ ದಪ್ಪ ಹಗ್ಗ ಬರುತ್ತದೆ. ಅದರ ಕುಣಿಕೆಯನ್ನು ಕಬ್ಬಿಣದ ಗೂಟಕ್ಕೆ ತೊಡಿಸುತ್ತಾರೆ. ಮುಂದಕ್ಕೊಂದಿಷ್ಟು, ಹಿಂದಕ್ಕೊಂದಿಷ್ಟು ಸಾಲದು. ಹಡಗು ಉದ್ದುದ್ದ ಜಾರದ ಹಾಗೆ ಓರೆಯಾಗಿಯೂ ಹಗ್ಗ ಬಿಗಿಯುತ್ತಾರೆ. ಅದಾದ ಮೇಲೆ ಗ್ಯಾಂಗ್‌ವೇ, ಅಂದರೆ ಕೈಹಿಡಿಯಿರುವ ಇಳಿಜಾರು ಸೇತುವೆ, ದಡಕ್ಕೆ ಚಾಚುತ್ತದೆ. ಅಧಿಕಾರಿಗಳು ಕಾಗದಪತ್ರ ನೋಡಿ ಒಪ್ಪಿದರೆ ನಡೆದುಕೊಂಡು ಇಳಿಯುವುದು ಅಷ್ಟೇ.

ಪ್ರವಾಸಿ ಹಡಗು ನೋಡುವುದಕ್ಕೆ ಎತ್ತರ, ನೀರೊಳಗೆ ಮುಳುಗುವುದು ಮಾತ್ರ ಕಡಿಮೆ. 'ಐಕಾನ್ ಆಫ್ ದಿ ಸೀಸ್' ಎಂಬ ಭಾರಿ ಹಡಗು ಸುಮಾರು 365 ಮೀಟರ್ ಉದ್ದವಿದ್ದರೂ ನೀರಿನೊಳಗೆ ಇರುವುದು ಒಂಬತ್ತು ಮೀಟರ್ ಚಿಲ್ಲರೆ. ಅದಿರು, ಕಲ್ಲಿದ್ದಲು ತುಂಬಿದ ಹಡಗು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿರುತ್ತದೆ. ಅಂಥವಕ್ಕೆಂದು ಹೂಳೆತ್ತಿ ಆಳ ಮಾಡಿದ ಪಣಂಬೂರಿನಲ್ಲಿ ಪ್ರವಾಸಿ ಹಡಗಿಗೆ ನೀರಿನ ಕೊರತೆಯಿಲ್ಲ. ಇಳಿದ ಪ್ರವಾಸಿಗಳು ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಮರಳುತ್ತಾರೆ. ನಮ್ಮ ಬೇಲೂರು, ಹಳೇಬೀಡು ಘಾಟಿಯ ಮೇಲಿವೆ. ಒಂದು ಹಗಲಿನಲ್ಲಿ ಹತ್ತಿ ಇಳಿದು ಬರುವುದು ಆಗದ ಮಾತು. ಆ ಕಲ್ಲುಗಳನ್ನು ನೋಡದೆ ಹೋಗುತ್ತಾರಲ್ಲ ಎಂದು ನನಗೆ ಪ್ರತಿಸಲ ಸಂಕಟವಾಗುತ್ತದೆ.

ಪಣಂಬೂರಿನ ಈ ದಕ್ಕೆ ಬಹಳ ಹಳೆಯದೇನಲ್ಲ. ನವಮಂಗಳೂರನ್ನು ಪ್ರಮುಖ ಬಂದರೆಂದು ಘೋಷಿಸಿದ್ದು 1974ರ ಮೇ 4ರಂದು. ಇಂದಿರಾ ಗಾಂಧಿ ಉದ್ಘಾಟಿಸಿದ್ದು 1975ರ ಜನವರಿ 11ರಂದು. ಅದಕ್ಕೆ ಮೊದಲು ಮಂಗಳೂರೇ ಒಂದು ಟೆಂಡರ್ ಬಂದರು. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಮರಳಿನ ದಿಬ್ಬ. ದೊಡ್ಡ ಸ್ಟೀಮರು ಒಳಗೆ ಬರುವಂತಿರಲಿಲ್ಲ. ಅವು ಹೊರಗೆ ಲಂಗರು ಹಾಕುತ್ತಿದ್ದವು; ಹಳೆ ಬಂದರಿನಿಂದ ದೋಣಿಗಳು ಸರಕನ್ನೂ ಜನರನ್ನೂ ಅಲ್ಲಿಗೆ ಸಾಗಿಸುತ್ತಿದ್ದವು. ನಮ್ಮ ಸಕಲೇಶಪುರದ ಕಾಫಿ ಘಾಟಿ ಇಳಿದು, ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹದವಾಗಿ, ಕಡೆಗೆ ದೋಣಿಯಲ್ಲಿ ತೂಗಾಡಿಕೊಂಡೇ ಸ್ಟೀಮರು ಹತ್ತುತ್ತಿತ್ತು. ಮಳೆಗಾಲ ಬಂತೆಂದರೆ ಸಮುದ್ರದ ವ್ಯವಹಾರವೇ ನಿಂತುಹೋಗುತ್ತಿತ್ತು. ಹೊಸ ಬಂದರಿಗೆಂದು ಹಾಸನ–ಮಂಗಳೂರು ರೈಲು ಹಾಕಿದರು, 1979ರಲ್ಲಿ ಓಡಿತು. ಹಾಸನದವರಿಗೆ ಸಮುದ್ರ ಹತ್ತಿರವಾದದ್ದು ಹಾಗೆ.

ಇವತ್ತಿಗೂ ಟೆಂಡರನ್ನು ಸಣ್ಣ ಪ್ರಮಾಣದಲ್ಲಿ ಅನುಭವಿಸಬೇಕೆಂದರೆ ಮಲ್ಪೆಗೆ ಹೋಗಿ. ನಾವು ಸೇಂಟ್ ಮೇರೀಸ್ ದ್ವೀಪಕ್ಕೆ ಹೋದಾಗ ದೊಡ್ಡ ಬೋಟು ದ್ವೀಪದಿಂದ ಸ್ವಲ್ಪ ಈಚೆಗೇ ನಿಂತಿತು. ಬಂಡೆ ಜಾಸ್ತಿ, ನೀರು ಕಮ್ಮಿ. ಪಕ್ಕಕ್ಕೆ ಬಂದ ಪುಟ್ಟ ದೋಣಿಗೆ ಒಬ್ಬೊಬ್ಬರನ್ನಾಗಿ ದಾಟಿಸಿದರು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗುಗಳೂ ಹಲವು ದ್ವೀಪಗಳಲ್ಲಿ ಹವಳದ ದಿಬ್ಬದ ಹೊರಗೆ ನಿಂತು ಜನರನ್ನು ದೋಣಿಗೆ ಇಳಿಸುತ್ತವೆ.

ಕೆರಿಬಿಯನ್‌ನಲ್ಲೂ ಕಾರಣ ಅದೇ: ಹವಳ ಮತ್ತು ಆಳ. ಬೆಲೀಜ್ ನಗರದ ಮುಂದೆ ಸಮುದ್ರಕ್ಕೆ ಮೈಲಿಗಟ್ಟಲೆ ಆಳವಿಲ್ಲ, ಹೊರಗಡೆ ಜಗತ್ತಿನಲ್ಲೇ ಹೆಸರಾದ ಹವಳದ ತಡೆಗೋಡೆ. ಹಡಗು ದೂರದಲ್ಲೇ ನಿಲ್ಲಬೇಕು. ಸ್ಥಳೀಯರ ವೇಗದ ದೋಣಿಯಲ್ಲೂ ದಡಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು. ಗ್ರ್ಯಾಂಡ್ ಕೇಮನ್‌ನಲ್ಲಿ ದಕ್ಕೆ ಕಟ್ಟಬೇಕೋ ಬೇಡವೋ ಎಂದು ವರ್ಷಗಟ್ಟಲೆ ವಾದ ನಡೆದು, 2025ರ ಏಪ್ರಿಲ್‌ನಲ್ಲಿ ಜನಮತಗಣನೆಯೇ ಆಯಿತು. ಜನ ಬೇಡವೆಂದರು. ಹವಳ ಹಾಳಾಗುತ್ತದೆ ಎಂಬುದು ವಿರೋಧದ ದೊಡ್ಡ ಕಾರಣ. ನನಗೆ ಅವರ ಮಾತು ಸರಿಯೆನಿಸುತ್ತದೆ. ಹವಳ ಒಮ್ಮೆ ಹೋದರೆ ನಮ್ಮ ಜೀವಮಾನದಲ್ಲಿ ಮತ್ತೆ ಬೆಳೆಯುವಂಥದ್ದಲ್ಲ. ಬೇರೆ ದಾರಿ ಹಿಡಿದವರೂ ಇದ್ದಾರೆ. ಜಮೈಕಾದ ಫಾಲ್ಮತ್‌ನಲ್ಲಿ 2011ರಲ್ಲಿ ದೊಡ್ಡ ಹಡಗುಗಳಿಗೆಂದೇ ದಕ್ಕೆ ಎದ್ದಿತು. ಬಹಾಮಾಸಿನ ಕೋಕೋಕೇ ದ್ವೀಪ 2019ರವರೆಗೆ ಟೆಂಡರ್, ಈಗ ಡಾಕ್. ಕೊಝುಮೆಲ್, ನಸ್ಸೌ, ಸೇಂಟ್ ಥಾಮಸ್, ಸೇಂಟ್ ಮಾರ್ಟನ್ ಎಲ್ಲ ದಕ್ಕೆ ಇರುವ ಊರುಗಳು.

ಇನ್ನು ದೋಣಿಯಲ್ಲಿ ಇಳಿಯುವುದು ಹೇಗೆಂದು ನೋಡೋಣ. ಹಡಗು ಲಂಗರು ಹಾಕುತ್ತದೆ. ಹವಳವಿದ್ದು ಲಂಗರು ಕೂಡದೆಂಬಲ್ಲಿ ಯಂತ್ರದ ಬಲದಿಂದಲೇ ಇದ್ದಲ್ಲಿ ನಿಲ್ಲುತ್ತದೆ. ನೀರಿನ ಮಟ್ಟಕ್ಕೆ ಹತ್ತಿರ, ಹಡಗಿನ ಹೊಟ್ಟೆಯಲ್ಲೊಂದು ಬಾಗಿಲು ತೆರೆದು ಮೆಟ್ಟುಹಲಗೆ ಚಾಚುತ್ತಾರೆ. ಕೆಲವು ಬಂದರುಗಳಲ್ಲಿ ಊರಿನವರ ದೋಣಿ ಬರುತ್ತದೆ, ಮಿಕ್ಕಲ್ಲಿ ಹಡಗಿನ ಪಕ್ಕದಲ್ಲಿ ತೂಗುಹಾಕಿರುವ ಜೀವರಕ್ಷಕ ದೋಣಿಗಳಲ್ಲೇ ಕೆಲವನ್ನು ಇಳಿಸುತ್ತಾರೆ. ಮೂರು ಸಾವಿರ ಜನ, ದೋಣಿಗೆ ನೂರು ಮಂದಿ, ನಾಲ್ಕು ದೋಣಿ ಎಂದಿಟ್ಟುಕೊಳ್ಳಿ. ಹತ್ತಿಸಿ, ಇಳಿಸಿ, ಮರಳಿ ಬರಲು ನಲವತ್ತು ನಿಮಿಷವೆಂದರೆ ಎಂಟು ಸುತ್ತಿಗೆ ಐದು ಗಂಟೆ ಮೀರುತ್ತದೆ. ಅದಕ್ಕೇ ಸಂಖ್ಯೆಯ ಚೀಟಿ ಕೊಟ್ಟು ನಾಟಕಶಾಲೆಯಲ್ಲೋ ಮೊಗಸಾಲೆಯಲ್ಲೋ ಕೂರಿಸುತ್ತಾರೆ. ಹಾಸನಾಂಬೆಯ ದರ್ಶನಕ್ಕೆ ಧರ್ಮದರ್ಶನದ ಸಾಲು ಬೇರೆ, ವಿಶೇಷ ದರ್ಶನದ ಸಾಲು ಬೇರೆ ಇರುವ ಹಾಗೆ ಇಲ್ಲೂ ಇದೆ. ಹಡಗಿನವರ ಮೂಲಕ ಊರು ಸುತ್ತುವ ಟಿಕೆಟ್ ಕೊಂಡವರು, ದುಬಾರಿ ಕೋಣೆಯವರು ಮೊದಲು ಹೋಗುತ್ತಾರೆ. ಆದ್ದರಿಂದ ಟೆಂಡರ್ ಊರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೊರಗಿನ ಟ್ಯಾಕ್ಸಿಯವನಿಗೆ ಬರಹೇಳಿ ಕಾಯಿಸಬೇಡಿ. ಹಡಗಿನ ಟಿಕೆಟ್ಟಿಗೆ ನಾಲ್ಕು ಕಾಸು ಹೆಚ್ಚಾದರೂ ಇಂಥ ಊರಲ್ಲಿ ಅದೇ ವಾಸಿ. ಅವರ ಬಸ್ಸು ತಡವಾದರೆ ಹಡಗಿನವರಿಗೂ ಅದರ ಹೊಣೆ ಇರುತ್ತದೆ. ಡಾಕ್ ಊರಿನಲ್ಲಿ ಹೊರಗಿನವರನ್ನು ಗೊತ್ತುಮಾಡಿಕೊಂಡರೂ ಅಡ್ಡಿಯಿಲ್ಲ.

ಅಕ್ಕನಿಗೆ ಭಯವಿದ್ದದ್ದು ಆ ಒಂದು ಹೆಜ್ಜೆಯದು. ಹಡಗು ಅಲುಗುವುದಿಲ್ಲ, ದೋಣಿ ಮಾತ್ರ ಅಲೆಗೆ ಏಳುತ್ತದೆ, ಬೀಳುತ್ತದೆ. ನಡುವೆ ಗೇಣಗಲ ನೀರು. ನಾನು ಹರಿಗೋಲು ನೆನಪಿಸಿದೆ. ಹೊಳೆ ದಾಟುವಾಗ ಹರಿಗೋಲಿನ ಅಂಚು ತುಳಿಯಬಾರದು, ನಡುವಿಗೆ ಕಾಲಿಟ್ಟು ತಕ್ಷಣ ಕೂರಬೇಕು ಎಂದು ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವಳೇ ಅವಳು. ಇಲ್ಲೂ ಅದೇ ಬುದ್ಧಿ. ದೋಣಿ ಮೇಲೆದ್ದು ಮೆಟ್ಟುಹಲಗೆಯ ಸಮಕ್ಕೆ ಬಂದ ಗಳಿಗೆಗೆ ಕಾಯಬೇಕು. ಅತ್ತ ಇತ್ತ ನಿಂತ ಇಬ್ಬರು ನಾವಿಕರು ಅಂಗೈ ಹಿಡಿಯುವುದಿಲ್ಲ, ಮೊಣಕೈ ಕೆಳಗೆ ಹಿಡಿಯುತ್ತಾರೆ. ನಾವೂ ಅವರ ಮುಂಗೈಯನ್ನೇ ಹಿಡಿಯಬೇಕು, ಬೆವೆತ ಅಂಗೈ ಜಾರುತ್ತದೆ. 'ಈಗ' ಎಂದಾಗ ಅನುಮಾನಿಸದೆ ಕಾಲಿಡಬೇಕು. ಚೀಲ ಬೆನ್ನಿಗಿರಲಿ, ಎರಡೂ ಕೈ ಖಾಲಿ ಇರಲಿ. ಸೀರೆಗಿಂತ ಚೂಡಿದಾರ ಒಳ್ಳೆಯದು, ಚಪ್ಪಲಿಗಿಂತ ಹಿಂದೆ ಪಟ್ಟಿಯಿರುವ ಪಾದರಕ್ಷೆ. ಮಂಡಿ ಬಗ್ಗುವುದೇ ಕಷ್ಟ ಎನ್ನುವವರು, ಗಾಲಿಕುರ್ಚಿಯವರು ಮಾತ್ರ ಮೊದಲೇ ಹಡಗಿನವರನ್ನು ಕೇಳಲೇಬೇಕು. ಅಲೆ ಜೋರಿದ್ದರೆ ಗಾಲಿಕುರ್ಚಿಯನ್ನು ದಾಟಿಸುವುದಿಲ್ಲ ಎಂದು ಅವರು ಹೇಳಬಹುದು. ಅದು ಕಟುವೆನಿಸಿದರೂ ಸರಿಯಾದ ಮಾತು. ಅಂಥವರಿಗಾಗಿ ಬುಕ್ ಮಾಡುವ ಮಕ್ಕಳು ದಕ್ಕೆಯಿರುವ ಊರುಗಳೇ ಹೆಚ್ಚಿರುವ ಪ್ರವಾಸ ಆರಿಸಲಿ.

ಅಕ್ಕ ಬೆಲೀಜಿನಲ್ಲಿ ದಾಟಿದಳು, ಇಳಿದಳು. ಕೊಝುಮೆಲ್‌ನಲ್ಲಿ ದಕ್ಕೆ, ಬೆಳಿಗ್ಗೆ ಇಳಿದು ಪೇಟೆ ನೋಡಿ, ಬಿಸಿಲೇರಿದ ಮೇಲೆ ಹಡಗಿಗೆ ಬಂದು ಉಂಡು ಮಲಗಿ, ಸಂಜೆ ಮತ್ತೆ ಇಳಿದಳು. ಡಾಕ್ ಊರಿನ ದೊಡ್ಡ ಸುಖ ಅದು, ಮನಸ್ಸು ಬಂದಾಗ ಹೋಗಿ ಬರುವುದು. ಗ್ರ್ಯಾಂಡ್ ಕೇಮನ್ ಸಿಗಲೇ ಇಲ್ಲ. ಅಲೆ ಎದ್ದಿದೆ, ದೋಣಿ ಇಳಿಸುವಂತಿಲ್ಲ ಎಂದು ಕಪ್ತಾನ ಘೋಷಿಸಿ ಹಡಗನ್ನು ಮುಂದಕ್ಕೆ ಬಿಟ್ಟ. ಟೆಂಡರ್ ಊರುಗಳಲ್ಲಿ ಇದಕ್ಕೆ ಸಿದ್ಧವಾಗಿಯೇ ಇರಬೇಕು. ಜೋರು ಗಾಳಿಗೆ ದಕ್ಕೆಯೂ ತಪ್ಪುವುದುಂಟು, ಹಡಗಿನ ಎತ್ತರದ ಮೈಯೇ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಆದರೆ ದೋಣಿಗೆ ಅದಕ್ಕಿಂತ ಸಣ್ಣ ಅಲೆಯೇ ಸಾಕು. ಊರು ತಪ್ಪಿದರೆ ಹಡಗಿನ ಮೂಲಕ ಕೊಂಡ ಟಿಕೆಟ್ಟಿನ ಹಣವೂ ಬಂದರಿನ ಶುಲ್ಕವೂ ಸಾಮಾನ್ಯವಾಗಿ ವಾಪಸ್ ಬರುತ್ತವೆ. ಹೊರಗೆ ಗೊತ್ತುಮಾಡಿದ್ದು ಅವರವರ ಷರತ್ತಿನಂತೆ.

ಎರಡು ವಿಷಯ ಮರೆಯುವಂತಿಲ್ಲ. ಫ್ಲಾರಿಡಾದಿಂದ ಹೊರಟ ಹಡಗು ಬೇರೆ ದೇಶ ಮುಟ್ಟಿ ಮತ್ತೆ ಅಮೆರಿಕಕ್ಕೆ ಬರುವುದರಿಂದ ಅಮೆರಿಕದ ವೀಸಾ ಹಲವು ಬಾರಿ ಪ್ರವೇಶ ಕೊಡುವಂಥದ್ದೇ ಆಗಿರಬೇಕು. ಇನ್ನೊಂದು ಗಡಿಯಾರ. ದಕ್ಕೆಯಲ್ಲಾದರೆ ಹಡಗು ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ ಹತ್ತಿದರಾಯಿತು ಎನ್ನುತ್ತಾರೆ. ಟೆಂಡರ್‌ನಲ್ಲಿ ಕಡೇ ದೋಣಿ ಅದಕ್ಕೂ ಬೇಗ ದಡ ಬಿಡುತ್ತದೆ, ಅದರ ಮುಂದೆ ಉದ್ದನೆಯ ಸಾಲು ಬೇರೆ. ಹೊತ್ತು ಲೆಕ್ಕ ಹಾಕುವುದು ಹಡಗಿನ ಸಮಯದಲ್ಲಿ, ಅದು ಹೆಚ್ಚಾಗಿ ಹೊರಟ ಊರಿನ ಸಮಯವೇ. ಮೊಬೈಲು ಮಾತ್ರ ದಡ ಮುಟ್ಟಿದ ಕೂಡಲೇ ಆ ಊರಿನ ಸಮಯಕ್ಕೆ ತಾನಾಗಿ ತಿರುಗಿಕೊಳ್ಳುತ್ತದೆ. ಬೆಲೀಜ್ ಚಳಿಗಾಲದಲ್ಲಿ ಫ್ಲಾರಿಡಾಕ್ಕಿಂತ ಒಂದು ಗಂಟೆ ಹಿಂದೆ, ಬೇಸಿಗೆಯಲ್ಲಿ ಎರಡು ಗಂಟೆ. ಫೋನ್ ನಂಬಿ ಅಂಗಡಿಯಲ್ಲಿ ನಿಂತವರ ಹಡಗು ಹೊರಟುಹೋಗಿರುತ್ತದೆ.

ಅಕ್ಕನ ಕೈಯಲ್ಲಿದ್ದದ್ದು ಅಪ್ಪನ ಹಳೆಯ ಎಚ್‌ಎಂಟಿ, ದಿನಾ ಕೀ ಕೊಡುವಂಥದ್ದು. ಹಡಗು ಹತ್ತಿದ ದಿನ ಅಲ್ಲಿನ ಗೋಡೆ ಗಡಿಯಾರ ನೋಡಿ ಮುಳ್ಳು ತಿರುಗಿಸಿಟ್ಟವಳು ಮತ್ತೆ ಮುಟ್ಟಲಿಲ್ಲ. ಬೆಲೀಜಿನ ದಡದಲ್ಲಿ ಭಾವನ ಫೋನು ಎರಡು ಗಂಟೆ ಎನ್ನುತ್ತಿತ್ತು, ಎಚ್‌ಎಂಟಿ ಮೂರು. "ನಿಮ್ಮ ಫೋನು ಜೇಬಲ್ಲಿಟ್ಕೊಳಿ," ಎಂದು ಭಾವನನ್ನು ಎಬ್ಬಿಸಿಕೊಂಡು ದೋಣಿಯ ಸಾಲಿನಲ್ಲಿ ಹೋಗಿ ನಿಂತಳು.