ಗುಮಾಸ್ತ ಕಾಫ್ಕಾ ಸುಡಹೇಳಿದ ಕಾಗದಗಳು

ಬರೆದದ್ದನ್ನು ನಾಲ್ವರ ಮುಂದೆ ಇಡಲು ಅಳುಕುವವರು ನಮ್ಮಲ್ಲಿ ಅನೇಕರು. ನಮ್ಮ ವಾಚನಾಲಯಕ್ಕೇ ಕವನವನ್ನು ಕಿಸೆಯಲ್ಲಿಟ್ಟುಕೊಂಡು ಬಂದು, ಹಾಗೆಯೇ ಮರಳುವ ಗೆಳೆಯರಿದ್ದಾರೆ. ಅಂಥವರು ಪ್ರಾಗ್ ನಗರದ ಫ್ರಾಂಝ್ ಕಾಫ್ಕಾನ ಸಂಗತಿಯನ್ನು ಅರಿತಿರುವುದು ಒಳ್ಳೆಯದು.

ಈತನು ಹುಟ್ಟಿದ್ದು 1883ರಲ್ಲಿ. ಊರಿನ ಬಹುಜನರ ಮಾತು ಚೆಕ್. ಈತನು ಬರೆದದ್ದು ಜರ್ಮನ್‌ನಲ್ಲಿ. ಸುತ್ತಲೂ ಬೇರೊಂದು ನುಡಿ ಕೇಳುತ್ತಿರಲು ತನ್ನ ನುಡಿಯಲ್ಲಿ ಬರೆಯುವುದೆಂದರೇನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಓದಿದ ಕಾಫ್ಕಾ 1908ರಿಂದ 1922ರವರೆಗೆ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ನೌಕರಿ ಮಾಡಿದನು. ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಕಚೇರಿ. ಮರ ಕೀಸುವ ಯಂತ್ರದ ಚೌಕ ದಂಡಕ್ಕೆ ಸಿಕ್ಕಿ ಕೂಲಿಕಾರರ ಬೆರಳುಗಳು ತುಂಡಾಗುತ್ತಿದ್ದವು; ದುಂಡು ದಂಡ ಹಾಕಿದರೆ ಕೈ ಉಳಿಯುವುದೆಂದು ಸಂಸ್ಥೆಯ 1909ರ ವರದಿಯಲ್ಲಿ ಚಿತ್ರಸಹಿತ ವಿವರಿಸಿದವನು ಈತನೇ. ಗಿರಣಿಯಲ್ಲಿ ದುಡಿಯುವ ನಮ್ಮವರಿಗೆ ಈ ಲೇಖನ ಕಥೆಗಳಿಗಿಂತ ಹತ್ತಿರವೆನಿಸಿದರೆ ಆಶ್ಚರ್ಯವಿಲ್ಲ.

ಬರವಣಿಗೆಗೆ ಉಳಿದದ್ದು ರಾತ್ರಿ. 1912ರ ಸೆಪ್ಟೆಂಬರ್ 22ರಂದು ರಾತ್ರಿ 10ಕ್ಕೆ ಕುಳಿತವನು ಬೆಳಗಿನ 6ಕ್ಕೆ ಒಂದು ಕಥೆಯನ್ನು ಪೂರ್ತಿ ಮುಗಿಸಿಯೇ ಎದ್ದನು. ಕಾಲು ಮರಗಟ್ಟಿತ್ತು. ಮೈ ಸರಿಯಿಲ್ಲವೆಂದು ಮೇಲಧಿಕಾರಿಗೆ ಚೀಟಿ ಹೋಯಿತು! ಬರೆದರೆ ಹೀಗೆಯೇ, ಒಂದೇ ಬೀಸಿನಲ್ಲಿ ಬರೆಯಬೇಕೆಂದು ಅಂದು ಅವನಿಗನ್ನಿಸಿತು. ತೊಡಕು ಶುರುವಾದದ್ದೂ ಅಲ್ಲಿಂದಲೇ ಎಂದು ನನ್ನ ಎಣಿಕೆ. ಕಾದಂಬರಿಯನ್ನು ಒಂದು ರಾತ್ರಿಯಲ್ಲಿ ಬರೆಯಲಾದೀತೆ? ಕೈಹಾಕಿದ ಮೂರು ಕಾದಂಬರಿಗಳೂ ಮುಗಿಯಲಿಲ್ಲ. ಅವನ ಭಯ ಜನರ ನಿಂದೆಯದಲ್ಲ. ಗೆಳೆಯರ ಮುಂದೆ ತನ್ನ ಕಥೆಗಳನ್ನು ನಗುತ್ತಲೇ ಓದುತ್ತಿದ್ದನು. ಮನಸ್ಸಿನಲ್ಲಿ ಕಂಡದ್ದು ಕಾಗದಕ್ಕೆ ಇಳಿಯಲಿಲ್ಲವೆಂಬುದೇ ಅವನ ಕೊರಗು.

1917ರಲ್ಲಿ ಕ್ಷಯವೆಂದು ಗೊತ್ತಾಯಿತು. ತನ್ನ ಹಸ್ತಪ್ರತಿಗಳನ್ನೆಲ್ಲ ಓದದೆ ಸುಟ್ಟುಬಿಡಬೇಕೆಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ನಿಗೆ ಬರೆದಿಟ್ಟನು. ಸುಡಲಾರೆನೆಂದು ಬ್ರಾಡ್ ಮುಂಚೆಯೇ ಹೇಳಿದ್ದನು. ಹಾಗಿದ್ದೂ ಅವನಿಗೇ ಏಕೆ ಒಪ್ಪಿಸಿದ? ನಿಜವಾಗಿ ಸುಡಿಸುವ ಮನಸ್ಸಿದ್ದವನು ಬೇರೆಯವರನ್ನು ಹುಡುಕುತ್ತಿದ್ದನೆಂದು ಹಲವರ ವಾದ. ಆದರೆ ಕೊನೆಯ ದಿನಗಳಲ್ಲಿ ಕೆಲವು ಬರಹಗಳನ್ನು ಕಣ್ಣೆದುರೇ ಸುಡಿಸಿದ್ದೂ ಉಂಟು. ಅದೇ ಮನುಷ್ಯನು 1924ರ ಜೂನ್ 3ರಂದು ತೀರಿಕೊಳ್ಳುವ ಮುನ್ನ, ಗಂಟಲಿಗಿಳಿದ ಕ್ಷಯದಿಂದ ಮಾತೂ ಹೊರಡದಿರುವಾಗ, ಹೊಸ ಕಥಾಸಂಗ್ರಹದ ಕರಡಚ್ಚು ತಿದ್ದುತ್ತಿದ್ದನು. ಎರಡೂ ಮನಸ್ಸು ಒಬ್ಬನವೇ.

ಬ್ರಾಡ್ ಸುಡಲಿಲ್ಲ. 1925, 1926, 1927ರಲ್ಲಿ ಮೂರು ಕಾದಂಬರಿಗಳನ್ನೂ ಅಚ್ಚು ಹಾಕಿಸಿದನು. 1939ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಪ್ರಾಗ್ ಹೊಗುತ್ತಿದ್ದಾಗ ಆ ಕಾಗದಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ರೈಲು ಹತ್ತಿದನು. ಈಗ ಅವುಗಳಲ್ಲಿ ಬಹುಪಾಲು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ.