ಬೇರಿನ ಕಷಾಯ ಬಣ್ಣವಾಗುವ ಬಗೆ

ಕಳೆದ ಕ್ರಿಸ್ತಜಯಂತಿಗೆ ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳು ಗೋದಲಿಯ ಹಿಂದಿನ ಪರದೆಗೆ ಅರಸಿನದ ನೀರನ್ನು ಬಳಿದು ಹೊಂಬಣ್ಣದ ಆಕಾಶವನ್ನು ಮೂಡಿಸಿದ್ದರು. ಮೂರು ರಾಯರ ಹಬ್ಬದ ವೇಳೆಗೆ ಬಿಸಿಲು ಬೀಳುವ ಪಾರ್ಶ್ವವು ಬಿಳಚಿಕೊಂಡಿತ್ತು. ಹೊಸ ಸುಣ್ಣದ ಗೋಡೆಗೆ ತಾಗಿದ ಅಂಚು ಕೆಂಪೇರಿತ್ತು. "ಅರಸಿನ ಕಲಬೆರಕೆಯದೇ ಫಾದರ್?" ಎಂದು ಮಕ್ಕಳು ಕೇಳಿದರು. ಅಲ್ಲ. ಸುಣ್ಣಕ್ಕೆ ಅದು ಕೆಂಪಾಗುವುದು ಓಕುಳಿ ಕದಡುವ ಮನೆಗಳಲ್ಲೆಲ್ಲ ತಿಳಿದ ಸಂಗತಿ. ಬಿಸಿಲನ್ನಂತೂ ಅದು ತಾಳದು. ಪರೀಕ್ಷಿಸದೆ ಒಪ್ಪಿಗೆಯಿತ್ತ ತಪ್ಪು ನಮ್ಮದೇ.

ಸಸ್ಯದಿಂದ ರಂಗನ್ನು ತೆಗೆಯುವುದು ಸುಲಭ. ಅದನ್ನು ಚಿತ್ರಕಾರನ ಪುಡಿಯಾಗಿಸುವುದು ಬೇರೆಯೇ ವಿದ್ಯೆ. ಕಷಾಯದ ರಂಗು ನೀರಿನಲ್ಲಿ ಕರಗಿರುವುದರಿಂದ ಮತ್ತೆ ನೀರು ತಾಗಿದೊಡನೆ ಹರಿದುಹೋಗುತ್ತದೆ. ದ್ರವ್ಯದ ಆಶ್ರಯವಿಲ್ಲದೆ ಗುಣವು ನಿಲ್ಲದೆಂಬ ಅರಿಸ್ಟಾಟಲನ ವಿಚಾರವನ್ನು ಸೆಮಿನರಿಯಲ್ಲಿ ಕಂಠಪಾಠ ಮಾಡಿದ್ದ ನಮಗೆ, ಅದು ಪಾತ್ರೆಯ ತಳದಲ್ಲಿ ಕಾಣಸಿಗುವುದೆಂದು ಹೊಳೆದಿರಲಿಲ್ಲ.

ಇಲ್ಲಿ ಆಶ್ರಯ ನೀಡುವುದು ಪಟಿಕ. ಗ್ರಂಧಿಗೆ ಅಂಗಡಿಯ ಮಂಜಿಷ್ಠದ ಬೇರನ್ನು ಜಜ್ಜಿ, ರಾತ್ರಿಯಿಡೀ ನೆನೆಸಿ, ಕುದಿಯಗೊಡದೆ ಒಂದು ತಾಸು ಹದವಾಗಿ ಕಾಯಿಸಿ ಸೋಸಬೇಕು. ಕುದಿದರೆ ಕೆಂಪು ಕಂದಿಗೆ ತಿರುಗೀತು. ಬಿಸಿಯಿರುವಾಗಲೇ ಪಟಿಕವನ್ನು ಕರಗಿಸಿ, 10 ಗ್ರಾಂ ಪಟಿಕಕ್ಕೆ ಸುಮಾರು 4 ಗ್ರಾಂನಂತೆ ಒಣ ಸೋಡಾಪುಡಿಯನ್ನು ನೀರಿನಲ್ಲಿ ಕದಡಿ, ಸ್ವಲ್ಪ ಸ್ವಲ್ಪವೇ ಹೊಯ್ಯಬೇಕು. ಒಮ್ಮೆಲೇ ಸುರಿದರೆ ನೊರೆಯುಕ್ಕಿ ಚೆಲ್ಲುವುದು. (ಪಾತ್ರೆ ದೊಡ್ಡದಿರಲಿ, ಅಡುಗೆಯದು ಬೇಡ.) ಆಗ ಪಟಿಕದ ಅಲ್ಯೂಮಿನಿಯಂ ಅಂಶವು ನೀರಿನಲ್ಲಿ ಕರಗದ ಕಣಗಳಾಗಿ, ರಂಗನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ. ಮೇಲಿನ ನೀರನ್ನು ಬಸಿದು, ಎರಡು ಮೂರು ಬಾರಿ ತೊಳೆದು, ಬಟ್ಟೆಯಲ್ಲಿ ಸೋಸಿ, ನೆರಳಿನಲ್ಲಿ ಒಣಗಿಸಿ ಅರೆಯಬೇಕು. ಈ ಪುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿದರೆ ಜಲವರ್ಣ. ಅಗಸೆ ಎಣ್ಣೆಯಲ್ಲಿ ಅರೆದರೆ ತೈಲವರ್ಣ.

ಯುರೋಪಿನ ಚಿತ್ರಕಾರರೂ ಮಂಜಿಷ್ಠದ ಬಂಧುವಾದ ಗಿಡವೊಂದರ ಬೇರಿನಿಂದ ಹೀಗೆಯೇ ಕೆಂಪನ್ನು ಪಡೆದರು. 1868ರಲ್ಲಿ ಗ್ರೇಬ್ ಮತ್ತು ಲೀಬರ್ಮನ್ ಎಂಬ ಜರ್ಮನ್ ವಿಜ್ಞಾನಿಗಳು ಅದರ ಮುಖ್ಯ ರಂಗಾದ ಅಲಿಜರಿನ್ ಅನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಬಳಿಕ ಆ ಬೇರಿನ ಬೇಸಾಯ ಕುಸಿಯಿತು.

ಆದರೆ ಪಟಿಕ ಹಿಡಿದಿಟ್ಟ ರಂಗುಗಳೆಲ್ಲವೂ ಬೆಳಕಿಗೆ ಬಾಳುವುದಿಲ್ಲ. ಹಳೆಯ ಡಚ್ ಹೂಚಿತ್ರಗಳಲ್ಲಿ ಎಲೆಗಳು ಇಂದು ನೀಲಿಯಾಗಿ ಕಾಣುವುದುಂಟು: ನೀಲಿಯೊಡನೆ ಸೇರಿಸಿದ್ದ ಸಸ್ಯಜನ್ಯ ಹಳದಿ ಮಾಸಿಹೋಗಿದೆ. ಇದನ್ನು ಕೇಳಿ ನಮ್ಮ ಮಕ್ಕಳಿಗೆ ಬಹಳ ಸಮಾಧಾನವಾಯಿತು.

ಈ ಬಾರಿ ಅವರು ಅರಸಿನವನ್ನೂ ಮಂಜಿಷ್ಠದ ಕೆಂಪನ್ನೂ ಒಂದೇ ಕಾಗದಕ್ಕೆ ಬಳಿದು, ಅರ್ಧವನ್ನು ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಿದ್ದಾರೆ. ಆಗಮನ ಕಾಲದ ಮೊದಲ ಭಾನುವಾರ ರಟ್ಟನ್ನು ತೆಗೆಯುವುದೆಂದು ತೀರ್ಮಾನವಾಗಿದೆ.