ಓವರ್‌ಕ್ಲಾಕಿಂಗ್: ವೇಗ ಏರಿಸೋದು ಸುಲಭ, ಸ್ಥಿರವಾಗಿ ನಿಲ್ಲಿಸೋದೇ ಕೆಲಸ

ಕೊಪ್ಪದಿಂದ ಮಾತಾಡ್ತಾ ಇದ್ದೀನಿ. ಚಿಕ್ಕಮಗಳೂರಿನ ಕೊಪ್ಪ ಅಲ್ಲ, ಮದ್ದೂರು ತಾಲ್ಲೂಕಿನ ಕೊಪ್ಪ. ಮಧ್ಯೆ ಕಬ್ಬಿನ ಲಾರಿ ಸದ್ದು ಬಂದ್ರೆ ಹೊಂದ್ಕೊಳ್ಳಿ. ಹೋದ ಸಂಚಿಕೆಯಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಳ್ಳುವಾಗ ಏನೇನು ನೋಡ್ಬೇಕು ಅಂತ ಹೇಳಿದ್ದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ: "ಹಳೇ ಕಂಪ್ಯೂಟರ್ ತಗೊಂಡಾಯ್ತು, ಇದನ್ನ ಓವರ್‌ಕ್ಲಾಕ್ ಮಾಡಿ ವೇಗ ಹೆಚ್ಚಿಸ್ಬಹುದಾ? ಮಾಡಿದ್ಮೇಲೆ ತಾನಾಗೇ ರೀಸ್ಟಾರ್ಟ್ ಆಗ್ತಿದೆ, ಏನು ಮಾಡ್ಲಿ?" ಇವತ್ತಿನ ವಿಷಯ ಅದೇ.

ನಾನು ಓದಿದ್ದು ಬಿ.ಕಾಂ. ಆದ್ರೂ ಧೈರ್ಯವಾಗಿ ಈ ವಿಷಯ ಎತ್ಕೊಂಡಿದ್ದೀನಿ, ಯಾಕಂದ್ರೆ ಓವರ್‌ಕ್ಲಾಕಿಂಗ್ ಅನ್ನೋದು ಅರ್ಧಕ್ಕರ್ಧ ಲೆಕ್ಕಪತ್ರದ ಕೆಲಸ. ಎಷ್ಟು ಹಾಕಿದ್ವಿ, ಎಷ್ಟು ಬಂತು, ಯಾವ ಬಾಬ್ತಿನಲ್ಲಿ ಸೋರಿತು. ಬರೆದಿಟ್ಟವನು ಗೆಲ್ತಾನೆ, ಅಂದಾಜಿನ ಮೇಲೆ ಹೋದವನು ಬೋರ್ಡ್ ಸುಟ್ಕೋತಾನೆ.

ಗಡಿಯಾರದ ಲೆಕ್ಕ

ಪ್ರೊಸೆಸರ್ ಒಳಗೆ ಒಂದು ತಾಳ ಇರುತ್ತೆ. ಮದರ್‌ಬೋರ್ಡ್ ಕೊಡೋ ಮೂಲ ತಾಳ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಅದನ್ನ ಪ್ರೊಸೆಸರ್ ಒಂದು ಸಂಖ್ಯೆಯಿಂದ ಗುಣಿಸ್ಕೊಳ್ಳುತ್ತೆ. 36ರಿಂದ ಗುಣಿಸಿದ್ರೆ 3600 ಮೆಗಾಹರ್ಟ್ಸ್, ಅಂದ್ರೆ 3.6 ಗಿಗಾಹರ್ಟ್ಸ್. ಆ 36ನ್ನ 42 ಮಾಡಿದ್ರೆ 4.2. ಓವರ್‌ಕ್ಲಾಕಿಂಗ್ ಅಂದ್ರೆ ಮೂಲದಲ್ಲಿ ಇಷ್ಟೇ.

ಆದ್ರೆ ತಾಳ ಜೋರಾದಂತೆ ಒಳಗಿನ ಟ್ರಾನ್ಸಿಸ್ಟರ್‌ಗಳಿಗೆ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗೋಕೆ ಸಿಗೋ ಸಮಯ ಕಡಿಮೆ ಆಗುತ್ತೆ. ಅವು ಬೇಗ ಬದಲಾಗ್ಬೇಕು ಅಂದ್ರೆ ವೋಲ್ಟೇಜ್ ಹೆಚ್ಚು ಕೊಡ್ಬೇಕು. ಅಸಲಿ ಖರ್ಚು ಶುರುವಾಗೋದು ಅಲ್ಲಿಂದ. ಚಿಪ್ ಉರಿಸೋ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತೆ. ಒಂದು ಉದಾಹರಣೆ ಹಾಕೋಣ. 3.6ರಿಂದ 4.2 ಗಿಗಾಹರ್ಟ್ಸ್‌ಗೆ ಹೋದ್ರಿ, ಅದಕ್ಕಾಗಿ ವೋಲ್ಟೇಜ್ 1.2ರಿಂದ 1.35ಕ್ಕೆ ಏರಿಸಿದ್ರಿ ಅಂದ್ಕೊಳ್ಳಿ. ವೇಗ ಹೆಚ್ಚಿದ್ದು ಸುಮಾರು ಶೇ. 17. ಉರಿಯೋ ವಿದ್ಯುತ್ತು ಹೆಚ್ಚಿದ್ದು ಸುಮಾರು ಶೇ. 48. ಲಾಭ ಹದಿನೇಳು, ಖರ್ಚು ನಲವತ್ತೆಂಟು. ಆ ನಲವತ್ತೆಂಟೂ ಶಾಖವಾಗಿ ಹೊರಗೆ ಬರ್ಬೇಕು.

ಶಿವನಸಮುದ್ರದ ಪಾಠ

ಮದರ್‌ಬೋರ್ಡ್ ವೋಲ್ಟೇಜ್ ಅರ್ಥ ಮಾಡ್ಕೊಳ್ಳೋಕೆ ಮಂಡ್ಯ ಜಿಲ್ಲೆಯವರಿಗೆ ಕಷ್ಟ ಆಗಬಾರ್ದು. ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯ್ತು. ಅಷ್ಟು ದೂರ ಹೇಗೆ ಹೋಯ್ತು? ಹೆಚ್ಚಿನ ವೋಲ್ಟೇಜಿನಲ್ಲಿ ಕಳಿಸಿ, ಗಣಿ ಹತ್ತಿರ ಇಳಿಸ್ಕೊಂಡ್ರು. ಯಾಕಂದ್ರೆ ಅಷ್ಟೇ ಶಕ್ತಿಯನ್ನ ಕಡಿಮೆ ವೋಲ್ಟೇಜಿನಲ್ಲಿ ಕಳಿಸಿದ್ರೆ ಕರೆಂಟಿನ ಪ್ರಮಾಣ ವಿಪರೀತ ಹೆಚ್ಚಾಗಿ ತಂತಿಯಲ್ಲೇ ಸೋರಿ ಹೋಗುತ್ತೆ.

ನಿಮ್ಮ ಕ್ಯಾಬಿನೆಟ್ ಒಳಗೂ ಅದೇ ನಡೆಯೋದು. ಪ್ರೊಸೆಸರ್‌ಗೆ 1.2 ವೋಲ್ಟ್ ಸಾಕು. ಆದ್ರೆ ಅದು 120 ವ್ಯಾಟ್ ಎಳೆದ್ರೆ ಲೆಕ್ಕ 100 ಆಂಪಿಯರ್ ಆಗುತ್ತೆ! ಅಷ್ಟನ್ನ ಎಸ್‌ಎಂಪಿಎಸ್‌ನಿಂದ ಸಣ್ಣ ವೈರಲ್ಲಿ ತರೋಕಾಗಲ್ಲ. ಅದಕ್ಕೇ ಎಸ್‌ಎಂಪಿಎಸ್ 12 ವೋಲ್ಟ್ ಕಳಿಸುತ್ತೆ, ಪ್ರೊಸೆಸರ್ ಪಕ್ಕದಲ್ಲೇ ಇರೋ ವಿಆರ್‌ಎಂ ಅನ್ನೋ ಭಾಗ ಅದನ್ನ 1.2ಕ್ಕೆ ಇಳಿಸುತ್ತೆ. ವಿಆರ್‌ಎಂ ಅಂದ್ರೆ ಬೋರ್ಡಿನ ಮೇಲಿರೋ ಪುಟ್ಟ ಸಬ್‌ಸ್ಟೇಷನ್. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಈ ಸಬ್‌ಸ್ಟೇಷನ್ ಚಿಕ್ಕದು, ಕೆಲವಕ್ಕೆ ಮೇಲೆ ಹೀಟ್‌ಸಿಂಕ್ ಕೂಡ ಇರಲ್ಲ. ಹಾಗಾಗಿ ಪ್ರೊಸೆಸರ್ ತಡ್ಕೊಳ್ಳೋ ವೇಗವನ್ನ ಬೋರ್ಡ್ ತಡ್ಕೊಳ್ಳದೇ ಇರಬಹುದು.

ಇನ್ನೊಂದು ಮಾತು. ಊರಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಮನೆ ಬಲ್ಬು ಮಂಕಾಗುತ್ತಲ್ಲ, ಹಾಗೇ ಪ್ರೊಸೆಸರ್ ಮೇಲೆ ದಿಢೀರಂತ ಕೆಲಸ ಬಿದ್ದಾಗ ಅದಕ್ಕೆ ಸಿಗೋ ವೋಲ್ಟೇಜೂ ಒಂದಿಷ್ಟು ಕುಸಿಯುತ್ತೆ. ಇದಕ್ಕೆ ವಿಡ್ರೂಪ್ ಅಂತಾರೆ. ಬಯೋಸ್‌ನಲ್ಲಿ ಲೋಡ್ ಲೈನ್ ಕ್ಯಾಲಿಬ್ರೇಷನ್ ಅನ್ನೋ ಆಯ್ಕೆ ಇರೋದು ಈ ಕುಸಿತ ತುಂಬೋಕೆ. ಆದ್ರೆ ಅದನ್ನ ಗರಿಷ್ಠಕ್ಕೆ ಇಟ್ರೆ ಕೆಲಸ ನಿಂತ ಕ್ಷಣದಲ್ಲಿ ವೋಲ್ಟೇಜ್ ಬೇಕಾದ್ದಕ್ಕಿಂತ ಮೇಲಕ್ಕೆ ನೆಗೆಯುತ್ತೆ. ಮಧ್ಯದ ಹಂತ ಸಾಕು.

ರ‍್ಯಾಮ್: ಸದ್ದಿಲ್ಲದೆ ತಪ್ಪು ಬರೆಯೋ ಗುಮಾಸ್ತ

ಪ್ರೊಸೆಸರ್ ವೇಗ ಏರಿಸದೇ ಇದ್ದೋರೂ ಓವರ್‌ಕ್ಲಾಕ್ ಮಾಡಿರ್ತಾರೆ, ಅವರಿಗೇ ಗೊತ್ತಿರಲ್ಲ. ಡಿಡಿಆರ್4 ರ‍್ಯಾಮಿನ ಡಬ್ಬಿ ಮೇಲೆ 3200 ಅಥವಾ 3600 ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ. ಅಂಥ ಎಷ್ಟೋ ರ‍್ಯಾಮ್‌ಗಳಲ್ಲಿ ಅದು ಎಕ್ಸ್‌ಎಂಪಿ ಪ್ರೊಫೈಲ್ ಆನ್ ಮಾಡಿದ ಮೇಲೆ ಸಿಗೋ ವೇಗ. ಡಿಡಿಆರ್4ಗೆ ಪ್ರಮಾಣಿತ ವೋಲ್ಟೇಜ್ 1.2, ಎಕ್ಸ್‌ಎಂಪಿಯಲ್ಲಿ ಅದು ಸಾಮಾನ್ಯವಾಗಿ 1.35ಕ್ಕೆ ಹೋಗುತ್ತೆ. ಅದೂ ಓವರ್‌ಕ್ಲಾಕಿಂಗೇ. ಎಎಂಡಿಯ ಡಿಡಿಆರ್5 ಬೋರ್ಡುಗಳಲ್ಲಿ ಇದೇ ಕೆಲಸಕ್ಕೆ ಎಕ್ಸ್‌ಪೋ ಅಂತ ಹೆಸರು.

ಡಬ್ಬಿ ಮೇಲಿನ ಸಂಖ್ಯೆ ನೋಡಿ ಮರುಳಾಗ್ಬೇಡಿ. 3200 ವೇಗದ ಸಿಎಲ್16 ರ‍್ಯಾಮ್ ಉತ್ತರ ಕೊಡೋಕೆ ತಗೊಳ್ಳೋ ಸಮಯ 10 ನ್ಯಾನೊಸೆಕೆಂಡ್. 3600 ವೇಗದ ಸಿಎಲ್18 ತಗೊಳ್ಳೋದೂ ಅಷ್ಟೇ. ಲೆಕ್ಕ ಸುಲಭ: ಸಿಎಲ್ ಸಂಖ್ಯೆಯನ್ನ 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. ಒಂದೇ ಸಲ ಹೆಚ್ಚು ಮಾಹಿತಿ ಸಾಗಿಸೋದ್ರಲ್ಲಿ 3600 ಮುಂದೆ, ಆದ್ರೆ ಕೊಟ್ಟ ಹೆಚ್ಚಿನ ದುಡ್ಡಿಗೆ ತಕ್ಕಷ್ಟು ಅಂತರ ಎಲ್ಲಾ ಕೆಲಸದಲ್ಲೂ ಸಿಗಲ್ಲ.

ಪ್ರೊಸೆಸರ್ ಅಸ್ಥಿರ ಆದ್ರೆ ಸಾಮಾನ್ಯವಾಗಿ ಕಂಪ್ಯೂಟರ್ ನಿಂತು ಹೋಗುತ್ತೆ, ನಿಮಗೆ ತಿಳಿಯುತ್ತೆ. ರ‍್ಯಾಮ್ ಅಸ್ಥಿರ ಆದ್ರೆ ಎಷ್ಟೋ ಸಲ ನಿಲ್ಲೋದೇ ಇಲ್ಲ. ಒಂದು ಬಿಟ್ ತಿರುಗುತ್ತೆ, ಆ ತಪ್ಪನ್ನೇ ಸರಿ ಅಂದ್ಕೊಂಡು ಹಾರ್ಡ್ ಡಿಸ್ಕಿಗೆ ಬರೀತಾ ಹೋಗುತ್ತೆ. ಮನೆ ಡೆಸ್ಕ್‌ಟಾಪ್‌ಗಳ ಡಿಡಿಆರ್4 ರ‍್ಯಾಮ್‌ಗಳಲ್ಲಿ ತಪ್ಪು ತಿದ್ದೋ ಇಸಿಸಿ ವ್ಯವಸ್ಥೆ ಸಾಮಾನ್ಯವಾಗಿ ಇರಲ್ಲ. ಡಿಡಿಆರ್5 ಚಿಪ್ಪಿನೊಳಗೆ ಸ್ವಲ್ಪ ಮಟ್ಟಿಗೆ ಇದೆ, ಆದ್ರೆ ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗೋ ತಪ್ಪನ್ನ ಅದು ಹಿಡಿಯಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯೋರಿಗೆ, ಫೋಟೊ ವಿಡಿಯೊ ಕೆಲಸ ಮಾಡೋರಿಗೆ ಇದು ಕ್ರ್ಯಾಶ್‌ಗಿಂತ ದೊಡ್ಡ ಅಪಾಯ.

ನಮ್ಮ ಕಡೆಯ ಒಬ್ಬ ಗೆಳೆಯನ ಉದಾಹರಣೆ ಕೊಡ್ತೀನಿ. ಮದುವೆ ವಿಡಿಯೊ ಮಾಡೋ ಕೆಲಸ ಅವನದ್ದು. ಸೆಕೆಂಡ್ ಹ್ಯಾಂಡ್‌ನಲ್ಲಿ ರೈಜನ್ 5 3600 ಇರೋ ಕಂಪ್ಯೂಟರ್ ತಗೊಂಡಿದ್ದ, 8 ಜಿಬಿಯ ಎರಡು ರ‍್ಯಾಮ್ ಕಡ್ಡಿ ಇತ್ತು. ಎಡಿಟಿಂಗ್ ನಿಧಾನ ಅಂತ ಬೇರೆ ಕಂಪನಿಯ ಇನ್ನೆರಡು ಕಡ್ಡಿ ಸೇರಿಸಿದ, ಎಲ್ಲವನ್ನೂ 3200ಕ್ಕೆ ಇಟ್ಟ. ಕಂಪ್ಯೂಟರ್ ಶುರುವಾಯ್ತು, ಗೇಮೂ ಓಡ್ತು. ವಾರ ಕಳೆದ ಮೇಲೆ ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಲ್ಲೋಕೆ ಶುರುವಾಯ್ತು. ಎಲ್ರೂ ಸಾಫ್ಟ್‌ವೇರ್ ಮೇಲೆ ಗುಮಾನಿ ಪಟ್ರು. ಒಂದು ದಿನ ಮುಹೂರ್ತದ ಕ್ಲಿಪ್ಪೇ ತೆರೀಲಿಲ್ಲ. ಕ್ಯಾಮೆರಾ ಕಾರ್ಡಿನಿಂದ ಕಾಪಿ ಆಗುವಾಗಲೇ ಫೈಲ್ ಕೆಟ್ಟಿತ್ತು. ಕಾರ್ಡನ್ನ ಅವನು ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ, ಅದರಿಂದ ಉಳ್ಕೊಂಡ. ಮಾಡಿದ್ದಿದ್ರೆ? ಮಾಂಗಲ್ಯಧಾರಣೆಯನ್ನ ಇನ್ನೊಂದ್ಸಲ ಮಾಡಿ ಅಂತ ಯಾವ ಮನೆಯವರನ್ನ ಕೇಳೋಕಾಗುತ್ತೆ?

ಪತ್ತೆ ಹಚ್ಚೋ ಕ್ರಮ

ಆ ಕಂಪ್ಯೂಟರನ್ನ ನಾವಿಬ್ಬರು ಕೂತು ಸರಿ ಮಾಡಿದ ಕ್ರಮವನ್ನೇ ಹೇಳ್ತೀನಿ. ಒಂದು ನೋಟ್‌ಬುಕ್ ಇಟ್ಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅನ್ನೋದು ಯಾವತ್ತೂ ತಿಳಿಯಲ್ಲ.

ಮೊದಲನೇದು, ಮುಖ್ಯವಾದ ಫೈಲುಗಳನ್ನ ಆ ಕಂಪ್ಯೂಟರಿನಿಂದ ಹೊರಗೆ ತೆಗೀರಿ. ಅನುಮಾನ ಇರೋ ಕಂಪ್ಯೂಟರ್ ಮೂಲಕವೇ ಕಾಪಿ ಮಾಡೋದಕ್ಕಿಂತ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕೋದು ಒಳ್ಳೇದು.

ಎರಡನೇದು, ಬಯೋಸ್‌ಗೆ ಹೋಗಿ ಡೀಫಾಲ್ಟ್ ಸೆಟ್ಟಿಂಗ್ ಹಾಕಿ, ಎಕ್ಸ್‌ಎಂಪಿ ಆಫ್ ಮಾಡಿ. ಈಗಲೂ ತೊಂದ್ರೆ ಇದ್ರೆ ಅದು ಓವರ್‌ಕ್ಲಾಕಿಂಗಿನದ್ದಲ್ಲ. ಎಸ್‌ಎಂಪಿಎಸ್, ಕೂಲರ್, ಡಿಸ್ಕ್ ಅಥವಾ ಕೆಟ್ಟ ರ‍್ಯಾಮ್ ಕಡೆ ನೋಡಿ. ಎಚ್‌ಡಬ್ಲ್ಯೂಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಶಾಖ, ವೋಲ್ಟೇಜ್ ಎರಡೂ ಕಾಣುತ್ತೆ. 12 ವೋಲ್ಟ್ ಲೈನು 11.4ರಿಂದ 12.6ರ ಒಳಗಿರ್ಬೇಕು, ಶೇ. 5 ಹೆಚ್ಚುಕಮ್ಮಿಗೆ ಮಾತ್ರ ಅವಕಾಶ. ಸಾಫ್ಟ್‌ವೇರ್ ತೋರಿಸೋದು ವಿಚಿತ್ರ ಅನ್ನಿಸಿದ್ರೆ ಮಲ್ಟಿಮೀಟರ್ ಹಿಡಿಯೋರ ಹತ್ರ ನೋಡಿಸಿ. ಎಸ್‌ಎಂಪಿಎಸ್ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತೆ.

ಮೂರನೇದು, ವಿಂಡೋಸ್‌ನ ಇವೆಂಟ್ ವ್ಯೂವರ್ ನೋಡಿ. ಕರ್ನಲ್ ಪವರ್ 41 ಅಂತ ಇದ್ರೆ ಗಾಬರಿ ಬೇಡ. ಕಂಪ್ಯೂಟರ್ ಸರಿಯಾಗಿ ಆಫ್ ಆಗಲಿಲ್ಲ ಅಂತಷ್ಟೇ ಅದರ ಅರ್ಥ, ಕರೆಂಟ್ ಹೋದ್ರೂ ಅದು ಬರುತ್ತೆ. ವಿಯಾ ಲಾಗರ್ ಅನ್ನೋ ಹೆಸರಲ್ಲಿ ದಾಖಲೆ ಇದ್ರೆ ಹಾರ್ಡ್‌ವೇರ್ ತಪ್ಪು ಅಂತ ತಿಳೀರಿ.

ನಾಲ್ಕನೇದು ರ‍್ಯಾಮ್ ಪರೀಕ್ಷೆ. ಮೆಮ್‌ಟೆಸ್ಟ್86 ಅನ್ನ ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ಓಡಿಸಿ. ಸೊನ್ನೆ ತಪ್ಪು ಬಂದ್ರೆ ಪಾಸು, ಒಂದು ಬಂದ್ರೂ ಫೇಲು. ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ. ಮೊದಲು ಡೀಫಾಲ್ಟ್ ವೇಗದಲ್ಲಿ ಒಂದೊಂದೇ ಕಡ್ಡಿ, ಒಂದೇ ಸ್ಲಾಟಿನಲ್ಲಿ. ತಪ್ಪು ಬಂದ್ರೆ ಅದೇ ಕಡ್ಡಿಯನ್ನ ಬೇರೆ ಸ್ಲಾಟಿಗೆ ಹಾಕಿ ನೋಡಿ, ಕೆಟ್ಟಿರೋದು ಕಡ್ಡಿಯೋ ಸ್ಲಾಟೋ ಗೊತ್ತಾಗುತ್ತೆ. ಎರಡೇ ಕಡ್ಡಿ ಇದ್ರೆ ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕ್ಬೇಕು, ನಿಮ್ಮ ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಖಾತ್ರಿ ಮಾಡ್ಕೊಳ್ಳಿ.

ಗೆಳೆಯನ ಕಂಪ್ಯೂಟರಿನ ಫಲಿತಾಂಶ ಹೀಗಿತ್ತು. ಡೀಫಾಲ್ಟ್‌ನಲ್ಲಿ ನಾಲ್ಕೂ ಕಡ್ಡಿ ಸರಿ. ಹಳೇ ಎರಡು ಮಾತ್ರ 3200ರಲ್ಲಿ ಸರಿ. ಹೊಸ ಎರಡು ಮಾತ್ರ 3200ರಲ್ಲಿ ಸರಿ. ನಾಲ್ಕೂ ಸೇರಿ 3200ರಲ್ಲಿ ತಪ್ಪು. ಅಂದ್ರೆ ಯಾವ ಕಡ್ಡಿಯೂ ಕೆಟ್ಟಿರಲಿಲ್ಲ, ಕೆಟ್ಟಿದ್ದು ಜೊತೆಗಾರಿಕೆ. ನಾಲ್ಕು ಕಡ್ಡಿ ಇದ್ದಾಗ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಹೆಚ್ಚು. ರೈಜನ್ 3000 ಸರಣಿಗೆ ಎಎಂಡಿ ಹೇಳಿರೋದೇ ಹಾಗೆ: ಎರಡು ಕಡ್ಡಿಗೆ 3200, ಸಿಂಗಲ್ ರ‍್ಯಾಂಕಿನ ನಾಲ್ಕು ಕಡ್ಡಿಗೆ 2933. ನಾವು 2933ಕ್ಕೆ ಇಳಿಸಿ, ರ‍್ಯಾಮ್ ವೋಲ್ಟೇಜ್ 1.35ರಲ್ಲೇ ಬಿಟ್ವಿ. ರಾತ್ರಿಯಿಡೀ ಸೊನ್ನೆ ತಪ್ಪು. ರ‍್ಯಾಮ್ ವೇಗದಲ್ಲಿ ಕಳ್ಕೊಂಡಿದ್ದು ಶೇ. 8, ಎಕ್ಸ್‌ಪೋರ್ಟ್ ಸಮಯದಲ್ಲಿ ಅವನಿಗೆ ವ್ಯತ್ಯಾಸವೇ ಗೊತ್ತಾಗ್ಲಿಲ್ಲ.

ಐದನೇದು, ರ‍್ಯಾಮ್ ಗಟ್ಟಿಯಾದ ಮೇಲೆ ಮಾತ್ರ ಪ್ರೊಸೆಸರ್ ಕಡೆ ಬನ್ನಿ. ಒಂದು ಹೆಜ್ಜೆ ಏರಿಸಿ, ಪ್ರೈಮ್95 ಓಡಿಸಿ, ಬರ್ಕೊಳ್ಳಿ. ಅದರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಪ್ರೊಸೆಸರ್ ಮತ್ತು ಶಾಖವನ್ನ ಪರೀಕ್ಷಿಸುತ್ತೆ, ಬ್ಲೆಂಡ್ ರ‍್ಯಾಮನ್ನೂ ಸೇರಿಸ್ಕೊಳ್ಳುತ್ತೆ.

ಸೆಟ್ಟಿಂಗ್ ಬದಲಾಯಿಸಿದ ಮೇಲೆ ಪರದೆಯೇ ಬರ್ಲಿಲ್ಲ ಅಂದ್ರೆ? ಮೊದಲು ಕಾಯಿರಿ. ಡಿಡಿಆರ್5 ಬೋರ್ಡುಗಳು ರ‍್ಯಾಮ್ ಹೊಂದಿಸ್ಕೊಳ್ಳೋಕೆ ಮೊದಲ ಸಲ ಕೆಲವು ನಿಮಿಷ ತಗೊಳ್ಳಬಹುದು. ಆಮೇಲೂ ಬರ್ಲಿಲ್ಲ ಅಂದ್ರೆ ಪ್ಲಗ್ ತೆಗೆದು, ಬೋರ್ಡಿನಲ್ಲಿರೋ ಸಿಆರ್2032 ಬ್ಯಾಟರಿಯನ್ನ ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಸಾಮಾನ್ಯವಾಗಿ ಬಯೋಸ್ ಡೀಫಾಲ್ಟ್‌ಗೆ ಬರುತ್ತೆ. ಕ್ಲಿಯರ್ ಸಿಮಾಸ್ ಜಂಪರ್ ಇದ್ರೆ ಇನ್ನೂ ಸುಲಭ.

ಆಟೊ ಅಂದ್ರೆ ಸುರಕ್ಷಿತ ಅಂತಲ್ಲ

"ವೋಲ್ಟೇಜ್ ಆಟೊ ಇಟ್ಟಿದ್ದೀನಿ, ಏನೂ ಆಗಲ್ಲ" ಅನ್ನೋರಿಗೆ ಎರಡು ಘಟನೆ ನೆನಪಿಸ್ತೀನಿ. 2023ರಲ್ಲಿ ರೈಜನ್ 7000 ಸರಣಿಯ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲೇ ಸುಟ್ಟವು. ಆಗ ಎಎಂಡಿ ಬಯೋಸ್ ಅಪ್‌ಡೇಟ್ ಮೂಲಕ ಎಸ್‌ಒಸಿ ವೋಲ್ಟೇಜಿಗೆ 1.3ರ ಮಿತಿ ಹಾಕ್ತು. 2024ರಲ್ಲಿ ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರ ಆಗೋದಕ್ಕೆ ಹೆಚ್ಚಿನ ವೋಲ್ಟೇಜ್ ಕಾರಣ ಅಂತ ಆ ಕಂಪನಿಯೇ ಒಪ್ಕೊಂಡು, ಆಗಸ್ಟ್‌ನಲ್ಲಿ 0ಎಕ್ಸ್129 ಮೈಕ್ರೋಕೋಡ್ ಬಿಟ್ಟು, ವಾರಂಟಿಯನ್ನ ಎರಡು ವರ್ಷ ಹೆಚ್ಚಿಸ್ತು. ನಿಮ್ಮ ಹತ್ರ ಇಂಥ ಪ್ರೊಸೆಸರ್ ಇದ್ರೆ ಓವರ್‌ಕ್ಲಾಕ್ ಮಾತು ಆಮೇಲೆ, ಮೊದಲು ಬಯೋಸ್ ಅಪ್‌ಡೇಟ್. ಅದನ್ನೂ ಡೀಫಾಲ್ಟ್ ಸೆಟ್ಟಿಂಗಿನಲ್ಲಿ, ಕರೆಂಟ್ ಹೋಗದ ಹೊತ್ತಲ್ಲಿ, ಯುಪಿಎಸ್ ಮೇಲೆ ಮಾಡಿ. ಅರ್ಧಕ್ಕೆ ನಿಂತ್ರೆ ಬೋರ್ಡ್ ಏಳದೇ ಹೋಗಬಹುದು.

ನಮ್ಮ ಬಿಸಿಲು, ನಮ್ಮ ಕರೆಂಟು

ಬೇರೆ ದೇಶದ ವಿಡಿಯೊ ನೋಡಿ ಅವರ ಸಂಖ್ಯೆಯನ್ನ ಹಾಗೇ ನಕಲು ಮಾಡ್ಬೇಡಿ. ಅವರ ಕೋಣೆ 20 ಡಿಗ್ರಿ ಇರಬಹುದು, ನಮ್ಮ ಶೀಟ್ ಮನೆ ಏಪ್ರಿಲ್ ಮಧ್ಯಾಹ್ನ 35 ದಾಟಿರುತ್ತೆ. ಆ ಹದಿನೈದು ಡಿಗ್ರಿ ನೇರವಾಗಿ ಪ್ರೊಸೆಸರ್ ಮೇಲೆ ಕೂರುತ್ತೆ. ರ‍್ಯಾಮಿಗೂ ಅಷ್ಟೇ. ಅದು ತನ್ನಲ್ಲಿರೋ ಮಾಹಿತಿಯನ್ನ ಸೆಕೆಂಡಿಗೆ ಎಷ್ಟೋ ಸಲ ಮತ್ತೆ ಮತ್ತೆ ತುಂಬ್ಕೋತಾ ಇರ್ಬೇಕು, ಬಿಸಿಯಾದಷ್ಟೂ ಬೇಗ ಸೋರುತ್ತೆ. ಡಿಸೆಂಬರ್ ರಾತ್ರಿ ಪಾಸಾದ ಸೆಟ್ಟಿಂಗ್ ಏಪ್ರಿಲ್‌ನಲ್ಲಿ ಫೇಲಾಗಬಹುದು. ಹಾಗಾಗಿ ಕೊನೇ ಪರೀಕ್ಷೆ ಸುಡು ಮಧ್ಯಾಹ್ನ, ಕ್ಯಾಬಿನೆಟ್ ಮುಚ್ಚಿ ಮಾಡಿ. ಧೂಳು ತೆಗೆಯೋದನ್ನೂ ಮರೀಬೇಡಿ.

ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಬರ್ಬೇಕು. ಪಂಪ್‌ಸೆಟ್ ಹೊತ್ತಲ್ಲಿ ಎಷ್ಟು ಬರುತ್ತೆ ಅಂತ ಎರಡು ದಿನ ಬರ್ದು ನೋಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗೋದು ಅದೇ ಹೊತ್ತಿಗೆ ಅಂತ ಕಂಡ್ರೆ ರ‍್ಯಾಮ್ ಬಿಚ್ಚೋಕೆ ಮುಂಚೆ ಯುಪಿಎಸ್ ಮತ್ತು ಅರ್ಥಿಂಗ್ ನೋಡಿಸಿ. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂದ್ರೆ ಅರ್ಥಿಂಗ್ ಸರಿಯಿಲ್ಲ ಅಂತ ಲೆಕ್ಕ. ಅದು ಸರಿಯಾಗೋವರೆಗೂ ಓವರ್‌ಕ್ಲಾಕಿಂಗ್ ಹೆಸರೇ ಎತ್ತಬೇಡಿ.

ಹಾಗಾದ್ರೆ ಮಾಡ್ಬೇಕಾ, ಬೇಡ್ವಾ?

ಕಲಿಯೋ ಆಸೆ ಇದ್ದು, ಕಂಪ್ಯೂಟರ್ ಕೆಟ್ರೂ ನಾಳೆ ಊಟಕ್ಕೆ ತೊಂದ್ರೆ ಇಲ್ಲ ಅಂದ್ರೆ ಧಾರಾಳವಾಗಿ ಮಾಡಿ, ಇದರಷ್ಟು ಕಂಪ್ಯೂಟರ್ ಕಲಿಸೋ ಕೆಲಸ ಇನ್ನೊಂದಿಲ್ಲ. ಅದೇ ಕಂಪ್ಯೂಟರ್ ಮೇಲೆ ದುಡಿಮೆ ನಿಂತಿದ್ರೆ, ಒಂದು ರಾತ್ರಿಯ ಪರೀಕ್ಷೆ ಪಾಸಾಗದ ಯಾವ ವೇಗವೂ ನಿಮ್ಮದಲ್ಲ ಅಂದ್ಕೊಳ್ಳಿ. ವೇಗ ಸಾಲ್ತಿಲ್ಲ ಅಂದ್ರೆ ಮೊದಲು ಎಸ್‌ಎಸ್‌ಡಿ ಹಾಕಿ, ಕೂಲರ್ ಬದಲಾಯಿಸಿ. ರ‍್ಯಾಮ್ ಹೆಚ್ಚಿಸೋದಿದ್ರೆ ಎಸ್.ಪಿ. ರೋಡಿಗೆ ಹೋಗಿ ಬಿಡಿ ಕಡ್ಡಿ ಸೇರಿಸೋ ಬದಲು ಒಂದೇ ಡಬ್ಬಿಯ ಎರಡು ಕಡ್ಡಿ ಕಿಟ್ ತನ್ನಿ, ಹಳೇದನ್ನ ಮಾರಿ.

ಯುಪಿಎಸ್ ಬಗ್ಗೆ, ಅದರಲ್ಲೂ ಪ್ಯೂರ್ ಸೈನ್ ವೇವ್ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನೋದನ್ನ ಮುಂದಿನ ಸಂಚಿಕೆಯಲ್ಲಿ ಮಾತಾಡೋಣ. ನಿಮ್ಮ ಕಂಪ್ಯೂಟರ್ ಸಮಸ್ಯೆ ಕಳಿಸುವಾಗ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಕಡ್ಡಿ ಎಷ್ಟು, ಎಷ್ಟು ವೇಗ, ಎಷ್ಟು ವೋಲ್ಟೇಜ್, ಇಷ್ಟನ್ನ ಬರೆದು ಕಳಿಸಿ. ಬರೀ "ಆಫ್ ಆಗ್ತಿದೆ ಅಣ್ಣ" ಅಂದ್ರೆ ನಾನು ಇಲ್ಲಿಂದ ಕಣಿ ಹೇಳೋಕಾಗಲ್ಲ. ಬರ್ತೀನಿ, ನಮಸ್ಕಾರ.